ಪದಚರ್ಚೆ: ಮರಾಠಿ ‘ಜಬರಿ ಚೋರಿ’ಗೆ ಕನ್ನಡದಲ್ಲಿ ಏನು? (ತುರ್ತು)

ಪಿಂಪ್ರಿಯಿಂದ:
ಎಲ್ಲರಿಗೂ ನಮಸ್ಕಾರ. ಪುಣೆ-ಸೊಲ್ಲಾಪುರ ಹೆದ್ದಾರಿಯಲ್ಲಿ ರಾತ್ರಿ ಇಬ್ಬರು ಚಾಲಕನಿಗೆ ಚಾಕು ತೋರಿಸಿ ಸರಕಿನ ಟೆಂಪೊ ಕಸಿದುಕೊಂಡು ಹೋಗಿದ್ದಾರೆ. ಮಾಲೀಕರು ವಿಜಯಪುರದವರು, ಮರಾಠಿ ಓದಲು ಬಾರದು. ಎಫ್‌ಐಆರನ್ನು ಸಂಜೆಯೊಳಗೆ ಕನ್ನಡ ಮಾಡಿಕೊಡಬೇಕು. ‘ಜಬರಿ ಚೋರಿ’ ಅಂತಿದೆ. ‘ವಾಹನ ಕಳವು’ ಎಂದರೆ ಸಾಕೆ, ‘ದರೋಡೆ’ ಎನ್ನಬೇಕೆ?

ಶಿವಾಜಿನಗರದಿಂದ:
ಎರಡೂ ಬೇಡ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಕಳವು ಕಲಂ 303, ಸಾಮಾನ್ಯವಾಗಿ 3 ವರ್ಷದವರೆಗೆ. ಜನ ಅಥವಾ ಸರಕು ಸಾಗಿಸುವ ವಾಹನ ಕದ್ದರೆ ಕಲಂ 305, 7 ವರ್ಷದವರೆಗೆ. ಆದರೆ ಒಯ್ಯುವುದಕ್ಕಾಗಿ ಚಾಕು ತೋರಿಸಿದ ಕೂಡಲೇ ಅದು ಸುಲಿಗೆ, ಕಲಂ 309. ಶಿಕ್ಷೆ 10 ವರ್ಷದವರೆಗೆ. ಹೆದ್ದಾರಿಯಲ್ಲಿ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ನಡೆದಿದ್ದರೆ 14ರವರೆಗೆ. ಹಾಗಾಗಿ ‘ರಾತ್ರಿ’, ‘ಹೆದ್ದಾರಿ’ ಎರಡೂ ಮಾತು ಅನುವಾದದಲ್ಲಿ ಉಳಿಯಲೇಬೇಕು. ಇನ್ನು ‘ದರೋಡಾ’ ಮಹಾರಾಷ್ಟ್ರದ ಪೊಲೀಸರಿಗೆ ಕಲಂ 310: ಐವರು ಅಥವಾ ಹೆಚ್ಚು ಜನ. ಇಬ್ಬರನ್ನು ಐವರು ಮಾಡಬೇಡಿ. ‘ಸುಲಿಗೆ’ ಬರೆದು ಪಕ್ಕಕ್ಕೆ ಕಲಂ ಸಂಖ್ಯೆ ಹಾಕಿ.

ಡೊಂಬಿವಲಿಯಿಂದ:
ದರೋಡೆ ಮರಾಠಿಯ ಸಾಲ, ಹೋಗಲಿ. ಸುಲಿಗೆ ನಮ್ಮದೇ, ಆದರೆ ಸುಲಿಯುವುದು ಸಿಪ್ಪೆಯನ್ನು, ತೊಗಲನ್ನು. ‘ಟೆಂಪೊ ಸುಲಿಗೆ’ ಎಂದರೆ ಬಿಡಿಭಾಗ ಕಿತ್ತ ಹಾಗೆ ಕೇಳಿಸುತ್ತದೆ. ವೀರಗಲ್ಲುಗಳ ‘ತುಱುಗೋಳ್’ ನೆನಪಿಸಿಕೊಳ್ಳಿ. ತುಱು, ಕೊಳ್: ಬಲದಿಂದ ದನ ಹೊಡೆದುಕೊಂಡು ಹೋಗುವುದು. ಅದೇ ಜಾಡಿನಲ್ಲಿ ‘ಬಂಡಿಗೋಳು’ ಸರಿಯಾದ ಪದ.

ಶಿವಾಜಿನಗರದಿಂದ:
ಆಗದು. ಓದಿದವರು ‘ಗೋಳು’ ಎಂದರೆ ಅಳು ಎಂದುಕೊಳ್ಳುತ್ತಾರೆ.

ಮಡಗಾಂವಿನಿಂದ:
ಸದ್ದಿಲ್ಲದೆ ಬೈಕು ತಳ್ಳಿಕೊಂಡು ಹೊರಟವನು, ತಡೆದ ವಾಚ್‌ಮನ್‌ಗೆ ಹೊಡೆದು ಬೈಕು ಒಯ್ದರೆ?

ಶಿವಾಜಿನಗರದಿಂದ:
ಅದೂ 309. ಒಯ್ಯುವುದಕ್ಕಾಗಿ ಹೊಡೆದಿದ್ದಾನಲ್ಲ. ಬೈಕು ಬಿಟ್ಟು, ಬರೀ ತಪ್ಪಿಸಿಕೊಳ್ಳಲು ಹೊಡೆದಿದ್ದರೆ ಸುಲಿಗೆಯಲ್ಲ; ಕಳವು ಬೇರೆ, ಹೊಡೆದದ್ದು ಬೇರೆ.

ಡೊಂಬಿವಲಿಯಿಂದ:
ವಕೀಲರಿಗೆ ಕಲಂ, ಜಾಮೀನು, ಫಿರ್ಯಾದಿ ಎಲ್ಲ ಸಲೀಸು. ಅರಬಿ, ಪಾರಸಿಗೆ ಬಾಗಿಲು ತೆರೆದಿಟ್ಟು, ಕನ್ನಡದ ಬೇರಿನಿಂದ ಒಂದು ಪದ ಕಟ್ಟಿದರೆ ಮಾತ್ರ ಗೋಳು!

ಶಿವಾಜಿನಗರದಿಂದ:
‘ಜಾಮೀನು ಸಿಕ್ತಾ’ ಎಂದು ಇಂಡಿ, ಸಿಂದಗಿಯ ಮುದುಕಿಯೂ ಕೇಳುತ್ತಾಳೆ. ಅವಳ ಬಾಯಲ್ಲಿರುವುದು ಕನ್ನಡವಲ್ಲದೆ ಮತ್ತೇನು? ಮಗ ಜೈಲಿನಲ್ಲಿರುವಾಗ ಅವಳಿಗೆ ಕಲ್ಲುಶಾಸನದ ಭಾಷೆ ಕಲಿಸುತ್ತೀರಾ?

ಡೊಂಬಿವಲಿಯಿಂದ:
ಕಲಿಸದೆ ಹೋದದ್ದಕ್ಕೇ ಹೀಗಾಯಿತು.

ಪಿಂಪ್ರಿಯಿಂದ:
ಹಿರಿಯರೇ, ಟೈಪು ಮಾಡುತ್ತಿದ್ದೇನೆ: ‘ಚಾಲಕನನ್ನು ಸುಲಿಗೆ ಮಾಡಿ ಟೆಂಪೊ ಕಸಿದುಕೊಂಡರು, ಕಲಂ 309(4)’. ನಡೆದೀತೆ?

ಶಿವಾಜಿನಗರದಿಂದ:
‘ಕಸಿದುಕೊಂಡರು’ ತೆಗೆಯಿರಿ. ಈ ಸಂಹಿತೆ ಜಾರಿಗೆ ಬಂದ 1 ಜುಲೈ 2024ರಿಂದ ಕಸಿಯುವುದೇ ಬೇರೆ ಅಪರಾಧ, ಕಲಂ 304. ಸರ, ಮೊಬೈಲು ಎಳೆದುಕೊಂಡು ಓಡುವುದು, 3 ವರ್ಷದವರೆಗೆ. ‘ಚಾಕು ತೋರಿಸಿ ಬೆದರಿಸಿ ಟೆಂಪೊ ಒಯ್ದರು’ ಎಂದು ಬರೆಯಿರಿ.