ಸಣ್ಣ ಮಕ್ಕಳ ಜೋಡಿ ಸಮುದ್ರದ ದಂಡಿ ರೆಸಾರ್ಟ್: ನಮ್ಮ ಕಡೆಯಿಂದ ಹೋಗಿ ಬಂದವ್ರು ಹೇಳ್ರಿ

ಸ್ಟೇಷನ್ ರೋಡ್, ಕಲಬುರಗಿ (ಕೇಳಿದವರು)
ಡಿಸೆಂಬರ್ ಕೊನೀ ವಾರ, ನಾಲ್ಕು ರಾತ್ರಿ. ನಾವಿಬ್ರು, ಅತ್ತಿ, 5 ವರ್ಷ 3 ತಿಂಗಳ ಮಗ, 20 ತಿಂಗಳ ಮಗಳು. ಹೋಗಿ ಬರೋದೂ ಸೇರಿ 70 ಸಾವಿರದಾಗ ಮುಗೀಬೇಕು. ಗೋವಾದಾಗ ರೆಸಾರ್ಟ್ ತಗೊಳ್ಳೋದೋ, ಹೊನ್ನಾವರ-ಮುರ್ಡೇಶ್ವರ ಕಡೆ ಹೋಗೋದೋ? ಮಗಳಿಗಿ ಘಾಟಿನಾಗ ವಾಂತಿ ಆಗ್ತದ. ಅತ್ತಿಗಿ ಮೊಣಕಾಲು ನೋವು, ಮೆಟ್ಟಲ ಆಗಲ್ಲ. ಅನುಭವ ಇದ್ದವ್ರು ಹೇಳ್ರಿ.

ಜೇವರ್ಗಿ ಕ್ರಾಸ್
ಕಾರೇ ಬೆಸ್ಟ್ ನೋಡ್ರಿ. ಜೇವರ್ಗಿ, ಸಿಂದಗಿ, ವಿಜಯಪುರ, ಜಮಖಂಡಿ, ಮುಧೋಳ, ಲೋಕಾಪುರ, ಯರಗಟ್ಟಿ, ಬೆಳಗಾವಿ, ಆಮ್ಯಾಲ ಜಾಂಬೋಟಿ, ಚೋರ್ಲಾ ಘಾಟು, ಸಾಂಖಳಿ, ಪಣಜಿ. ಹತ್ತಿರ ಹತ್ತಿರ 490 ಕಿ.ಮೀ. ಹೋಗಿ ಬರೋದು 980, ಅಲ್ಲಿ ತಿರುಗಾಟ 150 ಹಿಡೀರಿ, 1,130. ಎ.ಸಿ. ಹಾಕಿ ಐದು ಮಂದಿ ಕುಂತ್ರ ಡೀಸೆಲ್ ಗಾಡಿ 15 ಕೊಡ್ತದ. 75 ಲೀಟರ್, ಲೀಟರಿಗಿ 91ರಂಗ ಹಿಡಿದ್ರ 6,825 ರೂಪಾಯಿ. ಟೋಲ್ ಬ್ಯಾರೆ. ಇಷ್ಟು ಸೋವಿ ಬ್ಯಾರೆ ಯಾವುದೂ ಇಲ್ಲ.

ಮುಂಜಾನಿ ನಾಕಕ್ಕ ಬಿಡ್ರಿ, ಮಕ್ಕಳು ವಿಜಯಪುರ ತನಕ ಮಲಗ್ತಾವ. ಖರೆ ಪಂಚಾಯ್ತಿ ಜಮಖಂಡಿ-ಮುಧೋಳ ನಡುವ. ಡಿಸೆಂಬರ್ ಅಂದ್ರ ಕಬ್ಬು ನುರಿಸೋ ಟೈಮ್, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು ಸಾಲುಗಟ್ಟಿ ಹೋಗ್ತಾವ. ಹಿಂದ ಕೆಂಪು ದೀಪ ಇರಲ್ಲ, ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಮುಚ್ಚಿರ್ತದ. ಕತ್ತಲಾದ ಮ್ಯಾಲ ಆ ಪಟ್ಟಿಯಾಗ ಇರಲೇಬ್ಯಾಡ್ರಿ. ವಾಪಸ್ ಬರುವಾಗೂ ಅಷ್ಟೇ, ಪಣಜಿ ಮುಂಜಾನಿ ಆರಕ್ಕ ಬಿಟ್ರ ಹೊತ್ತು ಮುಳುಗೋದ್ರಾಗ ಮುಧೋಳ ದಾಟ್ತೀರಿ.

ವಾಂತಿಗಿ ಬೆಳಗಾವಿ ದಾಟೋದ್ರಾಗ ವಾಂತಿ ಗುಳಿಗಿ ಅರ್ಧ ಮಾಡಿ ಕೊಡ್ರಿ, ಕೂಸು ಮಲಗ್ತದ, ಘಾಟು ಮುಗೀತದ.

ಎರಡು ಮಕ್ಕಳ ತಾಯಿ, ಶಹಾಬಾದ್
ಜೇವರ್ಗಿ ಅಣ್ಣಾವ್ರ, ಆ ಕೊನೀ ಸಾಲು ಮೊದಲು ಅಳಸ್ರಿ. ಅಂಗಡಿಯಾಗ ಕೇಳಿದ ಕೂಡ್ಲೆ ಕೊಡೋ ವಾಂತಿ ಗುಳಿಗಿಯೊಳಗ ಬಹಳಷ್ಟರಾಗ ಪ್ರೋಮೆಥಜಿನ್ ಅನ್ನೋ ಔಷಧ ಇರ್ತದ. ಎರಡು ವರ್ಷದ ಒಳಗಿನ ಕೂಸಿಗಿ ಅದನ್ನ ಕೊಡಲೇಬಾರದು, ಉಸಿರಾಟ ಕುಂದ್ತದ. ಅರ್ಧ, ಕಾಲು ಅನ್ನೋ ಮಾತೇ ಇಲ್ಲ. ಕೂಸು ಮಲಗ್ತದ ಅಂತೀರಲ್ಲ, ಅಪಾಯ ಇರೋದೇ ಆ ನಿದ್ದಿಯೊಳಗ.

ಘಾಟಿಗಿ ಮಾಡೋದು ಇಷ್ಟು. ಏರೋಕಿಂತ ಎರಡು ತಾಸು ಮೊದಲು ಒಣಾ ತಿನಿಸು, ಅಂದ್ರ ಖಡಕ್ ರೊಟ್ಟಿ ಚೂರು, ಚುರಮುರಿ. ಹಾಲು, ಬಾಳಿಹಣ್ಣು, ಎಣ್ಣಿದು ಬ್ಯಾಡ. ಮೊಬೈಲ್ ಕೈಯಾಗ ಕೊಡಬ್ಯಾಡ್ರಿ, ಕಣ್ಣು ಒಂದು ಹೇಳ್ತದ, ಕಿವಿಯೊಳಗಿನ ಸಮತೋಲದ ಅಂಗ ಇನ್ನೊಂದು ಹೇಳ್ತದ, ವಾಂತಿ ಆಗೋದೇ ಅದಕ್ಕ. ಕಿಟಕಿ ನಾಕು ಬೆರಳು ತೆಗೀರಿ. ಕೈಗಿ ಸಿಗೋ ಕಡೆ ಎರಡು ಪ್ಲಾಸ್ಟಿಕ್ ಚೀಲ, ಒಂದು ಹಳೇ ಟವೆಲ್, ಒಂದು ಜೋಡಿ ಅರಿವಿ. ಡಿಕ್ಕಿಯಾಗ ಇಟ್ರ ಉಪಯೋಗಿಲ್ಲ. ಔಷಧ ಬೇಕೇ ಆದ್ರ ಮಕ್ಕಳ ಡಾಕ್ಟರಿಗಿ ಕೂಸಿನ ತೂಕ ಹೇಳಿ ಬರಸ್ಕೊಂಡು ಬರ್ರಿ.

ಜೇವರ್ಗಿ ಕ್ರಾಸ್
ಅಕ್ಕಾವ್ರ, ನಮ್ಮ ಕಾಲದಾಗ ಎಲ್ಲಾರಿಗೂ ಅದೇ ಕೊಡ್ತಿದ್ರು.

ಎರಡು ಮಕ್ಕಳ ತಾಯಿ, ಶಹಾಬಾದ್
ಕೊಡ್ತಿದ್ರು. ಅದಕ್ಕೇ ಈಗ ಬ್ಯಾಡ ಅಂತಾರ.

ಬೀದರ್ ಕೋಟಿ ಬಾಗಿಲು
ಕಾರಿನಾಗ ಹನ್ನೊಂದು ತಾಸು ಕೂಸನ್ನ ಕಟ್ಟಿ ಕೂಡ್ಸೋದು ರಜೆ ಏನ್ರಿ? ಹೈದರಾಬಾದಿಗಿ ಹೋಗಿ ವಿಮಾನ ಹತ್ರಿ. ಬೀದರಿನಿಂದ ಅಲ್ಲಿನ ಶಂಶಾಬಾದ್ ವಿಮಾನ ನಿಲ್ದಾಣ ಮೂರು ತಾಸು. ವಿಮಾನ ಒಂದೂಕಾಲು ತಾಸು.

ಎರಡು ವರ್ಷದ ಒಳಗಿನ ಕೂಸಿಗಿ ಸೀಟ್ ಇಲ್ಲ, ತೊಡೀ ಮ್ಯಾಲ. ವಯಸ್ಸು ನೋಡೋದು ಟಿಕೆಟ್ ಮಾಡೋ ದಿನದ್ದಲ್ಲ, ಹಾರೋ ದಿನದ್ದು. ಹೋಗೋದಕ್ಕೂ ಬರೋದಕ್ಕೂ ಬ್ಯಾರೆ ಬ್ಯಾರೆ ನೋಡ್ತಾರ. ನಡುವ ಎರಡು ತುಂಬಿದ್ರ ವಾಪಸ್ಸಿಗಿ ಪೂರಾ ಸೀಟ್. ಜನನ ಪ್ರಮಾಣಪತ್ರ ಕೌಂಟರಿನಾಗ ಕೇಳ್ತಾರ, ಹಾಳಿ ಮ್ಯಾಲಿನ ಪ್ರತಿ ಒಯ್ರಿ. ಏರುವಾಗ ಮತ್ತ ಇಳಿಯುವಾಗ ಎರಡೂ ಸಲ ಕೂಸಿಗಿ ಏನರ ಚೀಪಾಕ ಕೊಡ್ರಿ, ಇಲ್ಲಂದ್ರ ಕಿವಿ ನೋವಿಗಿ ಚೀರ್ತದ. ಇಳಿಯುವಾಗ ಹೆಚ್ಚು.

ಗೋವಾದಾಗ ಎರಡು ವಿಮಾನ ನಿಲ್ದಾಣ ಅವ. ಮೋಪಾ ಉತ್ತರದ ತುದಿ, ದಾಬೋಲಿಂ ದಕ್ಷಿಣಕ್ಕ ಹತ್ತಿರ. ಟಿಕೆಟ್ 400 ಸೋವಿ ಅಂತ ಮೋಪಾ ಹಿಡಿದು ರೂಮ್ ದಕ್ಷಿಣ ತುದಿಯ ಕಾಣಕೋಣದಾಗ ಮಾಡಿದ್ರ ಟ್ಯಾಕ್ಸಿ ಹೆಚ್ಚುಕಡಿಮಿ 100 ಕಿ.ಮೀ. ಅದ. ಉಳಿಸಿದ್ದು ಅಲ್ಲೇ ಸುರೀತದ.

ಖರ್ಚು: ಸೆಪ್ಟೆಂಬರದಾಗ ಮಾಡಿದ್ರ ಸೀಟಿಗಿ 4,200. ನಾಕು ಸೀಟ್, ಎರಡು ಕಡಿ, 33,600. ಕೂಸಿಗಿ ಅಂದಾಜು 1,750ರಂಗ 3,500. ಒಟ್ಟು 37,100. ಗಾಡಿ ಶಂಶಾಬಾದಿನಾಗ ನಿಲ್ಸೋದು ಬ್ಯಾಡ, ಐದು ದಿನದ ಪಾರ್ಕಿಂಗ್ ಕೈ ಸುಡ್ತದ.

ಜೇವರ್ಗಿ ಕ್ರಾಸ್
70 ಸಾವಿರದಾಗ 37 ಗಾಳಿಗಿ ಹಾರಿಸಿದ್ರ ಉಳಿದದ್ದರಾಗ ಮರಳು ತಿನ್ನಬೇಕಾ?

ಬೀದರ್ ಕೋಟಿ ಬಾಗಿಲು
ನೀವು ಡೀಸೆಲ್ ಲೆಕ್ಕ ಹೇಳಿದ್ರಿ, ಹೋಗ್ತಾ ಬೆಳಗಾವ್ಯಾಗ ಒಂದು ರಾತ್ರಿ ಹೆಚ್ಚಿಗಿ ರೂಮ್ ಬೇಕಾಗ್ತದಲ್ಲ, ಅದು ಹೇಳಲಿಲ್ಲ.

ಲೆಕ್ಕಪತ್ರ
ಇಬ್ಬರೂ ಪ್ರಯಾಣದಲ್ಲೇ ನಿಂತಿದ್ದೀರಿ. ದುಡ್ಡು ಸೋರುವುದು ರೂಮಿನ ಬಿಲ್ಲಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500ರವರೆಗಿನ ರೂಮಿಗೆ ಜಿ.ಎಸ್.ಟಿ. 5%. ಅದಕ್ಕೂ ಮೊದಲು 12% ಇತ್ತು. ಒಂದು ರೂಪಾಯಿ ದಾಟಿದರೂ 18%, ಅದೂ ದಾಟಿದ ಮೊತ್ತಕ್ಕಲ್ಲ, ಪೂರ್ತಿ ಮೊತ್ತಕ್ಕೆ. 7,400ರ ರೂಮು ತೆರಿಗೆ ಸೇರಿ 7,770. 7,800ರ ರೂಮು 9,204. ದರದಲ್ಲಿ 400 ವ್ಯತ್ಯಾಸ, ಕೈಯಿಂದ ಹೋಗುವುದು 1,434. ನಾಲ್ಕು ರಾತ್ರಿಗೆ 5,736. ಲೆಕ್ಕ ಪ್ರತಿ ದಿನಕ್ಕೆ ಬೇರೆ ಬೇರೆ. ಶನಿವಾರದ ದರ ಏರಿದರೆ ಆ ಒಂದು ದಿನಕ್ಕೆ 18%.

ನಿಮ್ಮಂಥವರು ಒಂದೇ ರೂಮು, ಎರಡು ಹೆಚ್ಚುವರಿ ಹಾಸಿಗೆ ಕೇಳುತ್ತೀರಿ. ಹಾಸಿಗೆ ದರವನ್ನು ರೂಮಿಗೆ ಕೂಡಿಸಿ 7,500 ದಾಟಿಸಿ 18% ಬರೆಯುವ ಕೌಂಟರುಗಳಿವೆ. ಅದಕ್ಕಿಂತ 3,900ರ ಎರಡು ರೂಮು, 5% ಸೇರಿ ದಿನಕ್ಕೆ 8,190, ನಾಲ್ಕು ರಾತ್ರಿಗೆ 32,760. ನಡುವೆ ಬಾಗಿಲು ಇರುವ ಜೋಡಿ ರೂಮು ಸಿಕ್ಕರೆ ಅತ್ತೆಯವರಿಗೆ ಬೇರೆ ಬಚ್ಚಲು ಸಿಕ್ಕಂತೆ.

ಊಟದ ಬಿಲ್ಲು ಯಾರೂ ನೋಡುವುದಿಲ್ಲ. ಹಿಂದಿನ ಆರ್ಥಿಕ ವರ್ಷದಲ್ಲಿ ಯಾವುದಾದರೂ ರೂಮನ್ನು 7,500ಕ್ಕಿಂತ ಹೆಚ್ಚಿಗೆ ಕೊಟ್ಟಿದ್ದ ಹೋಟೆಲಾದರೆ ಒಳಗಿನ ರೆಸ್ಟೋರೆಂಟಿನ ಊಟಕ್ಕೂ 18%. ನಿಮ್ಮ ರೂಮು 3,900ರದ್ದೇ ಇರಲಿ, ಇಡ್ಲಿಗೆ 18% ಕಟ್ಟುತ್ತೀರಿ. ಗೇಟಿನ ಹೊರಗಿನ ಖಾನಾವಳಿಯಲ್ಲಿ 5%.

ಇನ್ನು ಡಿಸೆಂಬರ್ 24 ಮತ್ತು 31. ಆ ರಾತ್ರಿಗಳಿಗೆ ‘ಗಾಲಾ ಡಿನ್ನರ್’ ಕಡ್ಡಾಯ ಅಂತ ತಲೆಗೆ ಇಷ್ಟು ಅಂತ ಹಾಕುವ ರೆಸಾರ್ಟುಗಳು ಬಹಳ. ಬುಕಿಂಗ್ ಪುಟದಲ್ಲಿ ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಹೋದ ಮೇಲೆ ಕಟ್ಟಿಸಿಕೊಳ್ಳುತ್ತಾರೆ. 3,500 ಅಂದರೆ ಮೂವರಿಗೆ 10,500, ಮಗನಿಗೆ ಅರ್ಧ. ಡಿಸ್ಕೊ ಸದ್ದಿಗೆ ಕೂಸು ಅಳುತ್ತದೆ, ದುಡ್ಡು ಮಾತ್ರ ವಾಪಸ್ಸಿಲ್ಲ. 25ಕ್ಕೆ ಹೊಕ್ಕು 29ಕ್ಕೆ ಹೊರಬನ್ನಿ, ಎರಡೂ ತಪ್ಪುತ್ತವೆ.

ಕಾಗಿಣಾ ದಂಡಿ
ಎಲ್ಲಾರೂ ಗೋವಾ ಗೋವಾ. ನಮ್ಮ ಉತ್ತರ ಕನ್ನಡದಾಗ ಸಮುದ್ರ ಬತ್ತ್ಯದೇನು? ಹೊನ್ನಾವರದ ಕಾಸರಕೋಡ ಇಕೋ ಬೀಚಿಗಿ 2020ರಾಗ ಬ್ಲೂ ಫ್ಲ್ಯಾಗ್ ಅನ್ನೋ ಅಂತಾರಾಷ್ಟ್ರೀಯ ಗುರುತು ಸಿಕ್ಕದ. ಅದಕ್ಕ ನೀರಿನ ಪರೀಕ್ಷೆ, ಜೀವರಕ್ಷಕರು, ಬಟ್ಟಿ ಬದಲಿಸೋ ಕ್ವಾಣಿ, ಸ್ನಾನದ ವ್ಯವಸ್ಥಾ ಎಲ್ಲಾ ಇರಬೇಕು. ಸಣ್ಣ ಮಕ್ಕಳಿಗಿ ಇನ್ನೇನು ಬೇಕ್ರಿ?

ಓಂ ಬೀಚ್ ಬ್ಯಾಡ, ಬಂಡಿಗಲ್ಲು ಅವ, ಇಳಿಯಾಕ ಮೆಟ್ಟಲ ಅವ. ಮುರ್ಡೇಶ್ವರದಾಗ ಗುಡಿ ನೋಡ್ರಿ, ನೀರಿಗಿ ಇಳೀಬ್ಯಾಡ್ರಿ. 2024ರ ಡಿಸೆಂಬರದಾಗ ಶಾಲಾ ಪ್ರವಾಸಕ್ಕ ಬಂದ ನಾಲ್ವರು ಹುಡುಗ್ಯಾರು ಅಲ್ಲೇ ಮುಳುಗಿದ್ರು. ಡಿಸೆಂಬರ್ ಅಂದ್ರ ಸಮುದ್ರ ಶಾಂತ ಅನ್ನೋದು ಅರ್ಧ ಸುಳ್ಳು. ತೆರಿ ಒಡೀತಿರೋ ಸಾಲಿನ ನಡುವ ಒಂದು ಪಟ್ಟಿ ಮಾತ್ರ ಸುಮ್ಮಗ, ಕಪ್ಪಗ ಕಾಣ್ತದಲ್ಲ, ನಮ್ಮವ್ರು ಅಲ್ಲೇ ‘ತೆರಿ ಇಲ್ಲ’ ಅಂತ ಮಕ್ಕಳನ್ನ ಬಿಡ್ತಾರ. ದಂಡಿಗಿ ಬಂದ ನೀರು ವಾಪಸ್ ಸಮುದ್ರಕ್ಕ ಓಡೋ ದಾರಿ ಅದು. ಸಿಕ್ಕೊಂಡ್ರ ದಂಡಿ ಕಡೆ ಈಜಬಾರದು, ದಂಡಿಗುಂಟ ಅಡ್ಡ ಈಜಿ ಪಟ್ಟಿ ಬಿಟ್ಟು ಹೊರಗ ಬರಬೇಕು. ಕೆಂಪು-ಹಳದಿ ಬಾವುಟ ಎರಡರ ನಡುವ ಅಷ್ಟೇ ಇಳೀರಿ. ಬರೇ ಕೆಂಪು ಇದ್ರ ಪಾದ ಸೈತ ತೋಯಿಸಬ್ಯಾಡ್ರಿ.

ಹಾದಿ: ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟು, ಅಂಕೋಲಾ, ಕುಮಟಾ, ಹೊನ್ನಾವರ. 540ರ ಸುಮಾರು. ಅರಬೈಲಿನಾಗ ಲಾರಿ ಒಂದು ಕೆಟ್ಟು ನಿಂತ್ರ ಎರಡು ತಾಸು ಹೋಯ್ತು ಅಂತ ತಿಳ್ಕೋರಿ. ಮಳಿಗಾಲದಾಗ ಮಾತ್ರ ಈ ಕಡೆ ಬರಲೇಬ್ಯಾಡ್ರಿ. 2024ರ ಜುಲೈನಾಗ ಶಿರೂರಿನಾಗ ಗುಡ್ಡ ಹೆದ್ದಾರಿ ಮ್ಯಾಲೇ ಬಿತ್ತು.

ಬೀದರ್ ಕೋಟಿ ಬಾಗಿಲು
540 ಕಿ.ಮೀ. ಹೋಗಿ ‘ನೀರಿಗಿ ಇಳೀಬ್ಯಾಡ್ರಿ’ ಅನ್ನೋದಾದ್ರ ಮನ್ಯಾಗ ಟಬ್ಬಿನಾಗ ಕೂಡ್ಸ್ರಿ. ಗೋವಾದ ಪಾಲೊಳೆಂ ಬೀಚ್ ಕೊಲ್ಲಿ ಇದ್ದಂಗ ಅದ, ಎರಡೂ ಕಡೆ ಗುಡ್ಡ, ಬಹಳ ದೂರ ಮೊಣಕಾಲುದ್ದ ನೀರು. ತೋಳಿಗಿ ಗಾಳಿ ತುಂಬಿದ ಪಟ್ಟಿ ಕಟ್ಟಿ ಬಿಟ್ರ ಮಕ್ಕಳು ತಾವೇ ಆಡ್ತಾವ.

ಎರಡು ಮಕ್ಕಳ ತಾಯಿ, ಶಹಾಬಾದ್
ತೋಳಿನ ಪಟ್ಟಿ ಆಟಿಕಿ, ಜೀವರಕ್ಷಕ ಅಲ್ಲ. ಸನ್‌ಸ್ಕ್ರೀನ್ ಹಚ್ಚಿದ ತೋಳಿನಿಂದ ಜಾರ್ತದ, ಕೂಸು ಕೈ ಮ್ಯಾಲ ಎತ್ತಿದ್ರ ಪಟ್ಟಿ ಉಳೀತದ, ಕೂಸು ಕೆಳಗ ಹೋಗ್ತದ. ತೂಕ ಬರೆದಿರೋ ಲೈಫ್ ಜಾಕೆಟ್, ಕಾಲಿನ ನಡುವ ಪಟ್ಟಿ ಇರೋದು ತಗೋರಿ. ಅದು ಹಾಕಿದ್ರೂ ದೊಡ್ಡವ್ರು ಕೈ ಚಾಚಿದ್ರ ಸಿಗೋಷ್ಟು ದೂರದಾಗ ಇರಬೇಕು.

20 ತಿಂಗಳ ಕೂಸಿಗಿ ಈಜುಕೊಳಕ್ಕ ಮಾಮೂಲಿ ಡೈಪರ್ ಹಾಕಬ್ಯಾಡ್ರಿ. ನೀರು ಹೀರಿ ಉಬ್ಬಿ ಒಡೀತದ, ಒಳಗಿನ ಜೆಲ್ಲು ಫಿಲ್ಟರಿನಾಗ ಸಿಕ್ಕೊಳ್ತದ, ರೆಸಾರ್ಟಿನವ್ರು ಪೂಲ್ ಮುಚ್ಚಿ ದಂಡ ಹಾಕ್ತಾರ. ಸ್ವಿಮ್ ಡೈಪರ್ ಬ್ಯಾರೆ ಬರ್ತದ. ಅದು ಮೂತ್ರ ತಡಿಯಲ್ಲ, ಕಕ್ಕ ಅಷ್ಟೇ ತಡೀತದ. ರೂಮಿನಾಗೇ ಹಾಕಿ ಎತ್ತಿಕೊಂಡು ಹೋದ್ರ ನಿಮ್ಮ ಸೀರಿ ಹಸಿ. ನೀರಿನ ದಂಡ್ಯಾಗ ಹಾಕ್ರಿ. ದಿನಕ್ಕ ಮೂರರಂಗ ನಾಕು ದಿನಕ್ಕ ಹನ್ನೆರಡು, ಕಲಬುರಗಿಯಿಂದನೇ ಒಯ್ರಿ. ಹತ್ತಿ ಅರಿವಿ ಹಾಕಿದ್ರ ಪೂಲಿಗಿ ಬಿಡಲ್ಲ, ನೈಲಾನ್ ಬೇಕು. ಅತ್ತಿಯವ್ರು ಸೀರಿಯಾಗ ಕಾಲು ಇಳಿಬಿಟ್ರೂ ಕೆಲವು ಕಡೆ ಎಬ್ಬಸ್ತಾರ.

ನಮ್ಮದು ಒಣಾ ಬಿಸಿಲು, ಬೆವರು ಹಾರ್ತದ. ಅಲ್ಲಿ ಹಾರಲ್ಲ, ಮೈಯೆಲ್ಲಾ ಬೆವರುಸಾಲಿ ಏಳ್ತದ. 42 ಡಿಗ್ರಿ ಕಂಡವ್ರು ನಾವು ಅನ್ನೋ ಧಿಮಾಕು ಅಲ್ಲಿ ನಡಿಯಲ್ಲ. ಹತ್ತರಿಂದ ಮೂರೂವರಿ ತನಕ ಮರಳಿಗಿ ಬ್ಯಾಡ. ಸನ್‌ಸ್ಕ್ರೀನ್ ಎಸ್.ಪಿ.ಎಫ್. 30 ಅಥವಾ ಮ್ಯಾಲಿಂದು, ಹೊರಗ ಹೋಗೋ ಕಾಲು ತಾಸು ಮೊದಲು, ಎರಡೆರಡು ತಾಸಿಗಿ ಮತ್ತ, ನೀರಿನಿಂದ ಎದ್ದ ಕೂಡ್ಲೆ ಮತ್ತ. ಓ.ಆರ್.ಎಸ್. ಸಣ್ಣ ಪುಡಿ 200 ಎಂ.ಎಲ್.ಗಿ, ದೊಡ್ಡದು ಒಂದು ಲೀಟರಿಗಿ. ದೊಡ್ಡ ಪುಡಿಯಾಗ ‘ಸ್ವಲ್ಪ’ ತೆಗೆದು ಗ್ಲಾಸಿಗಿ ಹಾಕಿದ್ರ ಉಪ್ಪು ಹೆಚ್ಚಾಗಿ ಕೂಸಿಗಿ ತ್ರಾಸ ಆಗ್ತದ.

ಜೆಲ್ಲಿ ಮೀನು ತಾಗಿದ್ರ ಸಿಹಿ ನೀರು ಹಾಕಬ್ಯಾಡ್ರಿ, ಮರಳು ತಿಕ್ಕಬ್ಯಾಡ್ರಿ. ಸಮುದ್ರದ ನೀರಿಂದನೇ ತೊಳೀರಿ.

ಯಾದಗಿರಿ ಪ್ಯಾಸೆಂಜರ್
ರೈಲಿನ ಹೆಸರು ಯಾರೂ ತೆಗೀಲಿಲ್ಲ! ಸೊಲ್ಲಾಪುರಕ್ಕ ಹೋಗಿ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹಿಡಿದು ಹುಬ್ಬಳ್ಳಿ, ಇಲ್ಲಂದ್ರ ಉದ್ಯಾನ ಎಕ್ಸ್‌ಪ್ರೆಸ್ ಹತ್ತಿ ಗುಂತಕಲ್, ಅಲ್ಲಿಂದ ವಾಸ್ಕೋ ಗಾಡಿ. ದೂಧಸಾಗರ ಕಿಟಕಿಯಾಗೇ ಕಾಣ್ತದ, ಮಡಗಾಂವದಾಗ ಇಳೀರಿ, ಘಾಟಿನ ವಾಂತಿನೂ ಇಲ್ಲ. ಐದು ವರ್ಷದ ಒಳಗ ಟಿಕೆಟ್ ಇಲ್ಲ. ನಿಮ್ಮ ಮಗನಿಗಿ ಐದು ದಾಟ್ಯದ, ಬರ್ತ್ ಬೇಕಂದ್ರ ಪೂರಾ ದರ, ಬ್ಯಾಡಂದ್ರ ಅರ್ಧ. ಎರಡು ಗಾಡಿಯ ಪಿ.ಎನ್.ಆರ್. ಬುಕ್ ಮಾಡುವಾಗೇ ಜೋಡಿಸ್ರಿ, ಮೊದಲಿಂದು ತಡ ಆಗಿ ಎರಡನೇದು ತಪ್ಪಿದ್ರ ರೊಕ್ಕ ವಾಪಸ್ ಬರ್ತದ.

ಜೇವರ್ಗಿ ಕ್ರಾಸ್
ರೊಕ್ಕ ಬರ್ತದ, ರಾತ್ರಿ ಎರಡಕ್ಕ ಗುಂತಕಲ್ ಪ್ಲಾಟ್‌ಫಾರ್ಮಿನಾಗ ಕೂಸಿಗಿ ಹಾಲು ಯಾರು ಕಾಸಿ ಕೊಡ್ತಾರ?

ಯಾದಗಿರಿ ಪ್ಯಾಸೆಂಜರ್
ಬಿಸಿನೀರಿನ ಥರ್ಮಾಸ್, ಹಾಲಿನ ಪುಡಿ. ಇಷ್ಟು ತಿಳಿಯಲ್ಲೇನು?

ತೊಗರಿ ಕಣಜ
ಊಟದ್ದು ಹೇಳ್ತೀನಿ. ಅಲ್ಲಿನ ಬುಫೆದಾಗ ನಮ್ಮ ಮಕ್ಕಳು ತಿನ್ನೋದು ಬ್ರೆಡ್ಡು, ಕಲ್ಲಂಗಡಿ ಎರಡೇ. ಖಡಕ್ ರೊಟ್ಟಿ ಮೂವತ್ತು, ಸ್ಟೀಲ್ ಡಬ್ಬಿಯಾಗ ಅಲ್ಲ, ಎರಡು ಪದರ ಪ್ಲಾಸ್ಟಿಕ್ಕಿನಾಗ ಗಾಳಿ ತೆಗೆದು ಕಟ್ರಿ. ಸಮುದ್ರದ ಗಾಳಿಗಿ ಒಂದೇ ರಾತ್ರ್ಯಾಗ ಮೆತ್ತಗ ಆಗ್ತಾವ. ಶೇಂಗಾ ಹಿಂಡಿ ಕಾಲು ಕೆ.ಜಿ. ಧಪಾಟಿ ಮೊದಲ ಎರಡು ದಿನಕ್ಕ ಅಷ್ಟೇ. ಹೆಸರುಬ್ಯಾಳಿ, ಅಕ್ಕಿ ಹುರಿದು ತರಿ ಮಾಡಿ ಒಯ್ದ್ರ ಥರ್ಮಾಸಿನಾಗ ಕುದಿಯೋ ನೀರು ಹಾಕಿ ಮುಚ್ಚಿಡ್ರಿ, ಮುಕ್ಕಾಲು ತಾಸಿಗಿ ಕೂಸಿನ ಗಂಜಿ. ರೂಮಿನ ಕೆಟಲಿನಾಗ ಹಾಲು ಕಾಸಬ್ಯಾಡ್ರಿ, ತಳ ಹತ್ತಿದ್ರ ಕೆಟಲಿನ ರೊಕ್ಕ ಬಿಲ್ಲಿನಾಗ ಬರ್ತದ.

ಮೈಗಿ ಹತ್ತಿದ ಮರಳಿಗಿ ನೀರು ಬ್ಯಾಡ. ಒಣಗಿಸಿ ಪೌಡರ್ ಹಾಕಿ ಒರೆಸಿದ್ರ ಉದುರ್ತದ.

ಎರಡು ಮಕ್ಕಳ ತಾಯಿ, ಶಹಾಬಾದ್
ಕೂಸಿನ ಮಾರಿ ಮುಂದ ಟಾಲ್ಕಮ್ ಹಾರಿಸಬ್ಯಾಡ್ರಿ, ಉಸಿರಿನಾಗ ಹೋಗ್ತದ. ಮೆಕ್ಕಿಜೋಳದ ಹಿಟ್ಟು ಅಂಗೈಯಾಗ ತಗೊಂಡು ಹಚ್ಚಿ ಒರೆಸ್ರಿ.

ತೊಗರಿ ಕಣಜ
ಅಕ್ಕಾವ್ರಿಗಿ ಎಲ್ಲಾದಕ್ಕೂ ‘ಬ್ಯಾಡ’ನೇ.

ಸ್ಟೇಷನ್ ರೋಡ್, ಕಲಬುರಗಿ (ಕೇಳಿದವರು)
ಅತ್ತಿ ಮೊಣಕಾಲಿಂದು ಯಾರೂ ಹೇಳಲಿಲ್ರಿ.

ಲೆಕ್ಕಪತ್ರ
ನೆಲಮಹಡಿಯ ರೂಮು ಬೇಕು ಅಂತ ಫೋನಿನಲ್ಲಿ ಹೇಳಿದರೆ ಸಾಲದು, ಬುಕಿಂಗ್ ಖಾತ್ರಿಯ ಕಾಗದದಲ್ಲಿ ಬರೆಸಿಕೊಳ್ಳಿ. ರೂಮಿನಿಂದ ಮರಳಿಗೆ ಎಷ್ಟು ಮೆಟ್ಟಿಲು ಅಂತ ಕೇಳಿ, ಎಷ್ಟು ದೂರ ಅಂತ ಅಲ್ಲ. ‘200 ಮೀಟರ್’ ಅಂದರೆ ಹಕ್ಕಿ ಹಾರುವ ಲೆಕ್ಕ. ಬಚ್ಚಲಲ್ಲಿ ಟಬ್ ಇದ್ದರೆ ಬೇಡ ಅನ್ನಿ, ದಾಟಲಾಗದು. ನೆಲಮಹಡಿಯ ರೂಮಿನ ಹಿಂಬಾಗಿಲು ಸೀದಾ ಪೂಲಿಗೆ ತೆರೆಯುವಂತಿದ್ದರೆ ಅದೂ ಬೇಡ, 20 ತಿಂಗಳ ಕೂಸಿಗೆ ಚಿಲಕ ಎಟಕುತ್ತದೆ.

ಜೇವರ್ಗಿ ಕ್ರಾಸ್
ಮೊಣಕಾಲಿಗಿ ಕಾರಿನ ಮುಂದಿನ ಸೀಟು ಹಿಂದ ಸರಿಸಿ ಕೂಡ್ಸ್ರಿ, ಎರಡು ತಾಸಿಗೊಮ್ಮಿ ಇಳಿಸಿ ನಡಸ್ರಿ. ರೈಲಿನ ಮೆಟ್ಟಲ ಏರೋಕಿಂತ ಛಲೋ.

ಯಾದಗಿರಿ ಪ್ಯಾಸೆಂಜರ್
ಕಬ್ಬಿನ ಟ್ರ್ಯಾಕ್ಟರಿನ ಹಿಂದ ಕುಂತು ಧೂಳು ಕುಡಿಯೋಕಿಂತ ಮೆಟ್ಟಲನೇ ಛಲೋ.

ಜೇವರ್ಗಿ ಕ್ರಾಸ್
ಹಗಲ ದಾಟ್ರಿ ಅಂತ ಮೊದಲೇ ಬರ್ದೀನಲ್ಲ. ಓದೋದು ಬಿಟ್ಟು ಎಲ್ಲಾ ಮಾಡ್ತೀರಿ.