ದೊಡ್ಡ ಸಮುದ್ರ ರೀಲ್ ಸರ್ವಿಸ್: ಎಲ್ಲಿ ಗ್ರೀಸ್, ಎಲ್ಲಿ ಎಣ್ಣೆ, ಎಲ್ಲಿ ಏನೂ ಬೇಡ

ಕೇಳಿದ್ದು

ಸಮುದ್ರದಲ್ಲಿ ದೊಡ್ಡ ಮೀನು ಹಿಡಿಯುವ, ಬಳಸಿದ ಲಿವರ್ ಡ್ರ್ಯಾಗ್ ರೀಲ್ (ಗಾಳದ ದಾರ ಸುತ್ತುವ ಸಾಧನ) ಒಂದು ಕೈಗೆ ಬಂದಿದೆ. 50 ಸೈಜಿನದು, ಎರಡು ವೇಗದ್ದು. ಬಹಳ ಕಾಲ ಹಾಗೇ ಇಟ್ಟಿದ್ದರಂತೆ. ನೋಡಲು ಚೆನ್ನಾಗಿದೆ, ಆದರೆ ದಾರ ಎಳೆದರೆ ಡ್ರ್ಯಾಗ್ (ದಾರವನ್ನು ಬಿಗಿ ಹಿಡಿದು ಬಿಡುವ ಬ್ರೇಕ್) ಒಂದೇ ಸಮ ಬಿಡುವುದಿಲ್ಲ, ಜಗ್ಗಿ ಜಗ್ಗಿ ಬಿಡುತ್ತದೆ. ಹ್ಯಾಂಡಲ್ ಆಗಾಗ ಹಿಂದಕ್ಕೆ ಜಾರುತ್ತದೆ. ಪಕ್ಕದ ಪ್ಲೇಟಿನ ಒಂದು ಸ್ಕ್ರೂ ಅಲ್ಲಾಡುವುದೇ ಇಲ್ಲ, ಸುತ್ತ ಬಿಳಿ ಪುಡಿ ಕಟ್ಟಿದೆ. ನಾನೇ ಬಿಚ್ಚಬಹುದಾ? ಒಂದು ಡಬ್ಬಿ ಮರೈನ್ ಗ್ರೀಸ್ ಇದೆ. ಅದನ್ನೇ ಎಲ್ಲಾ ಕಡೆ ಹಾಕಿದರೆ ಸಾಕಾ? ಮಾಡಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ

ಖಂಡಿತ ಬಿಚ್ಚಬಹುದು. ಈ ರೀಲ್‌ಗಳನ್ನು ಮಾಡಿರುವುದೇ ಬಿಚ್ಚಿ ಜೋಡಿಸಲಿಕ್ಕೆ. ಆದರೆ ಆ ಗ್ರೀಸ್ ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನನ್ನ ಹತ್ತಿರ ಸರ್ವಿಸ್‌ಗೆ ಬರುವ ರೀಲ್‌ಗಳಲ್ಲಿ ಉಪ್ಪಿನಿಂದ ಕೆಟ್ಟವು ಎಷ್ಟೋ, ಬೇಡದ ಜಾಗಕ್ಕೆ ಗ್ರೀಸ್ ಹೋಗಿ ಕೆಟ್ಟವೂ ಅಷ್ಟೇ ಇರುತ್ತವೆ. ಒಂದೇ ರೀಲ್ ಒಳಗೆ ಗ್ರೀಸ್ ತುಂಬಬೇಕಾದ ಜಾಗ, ಒಂದು ಹನಿ ಎಣ್ಣೆ ಸಾಕಾಗುವ ಜಾಗ, ಏನೂ ತಾಗಬಾರದ ಜಾಗ ಮೂರೂ ಇವೆ. ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು.

ಮೊದಲು ಡ್ರ್ಯಾಗ್ ನೋಡೋಣ. ಲಿವರ್ ಮುಂದೆ ತಳ್ಳಿದರೆ ದಾರ ಸುತ್ತಿರುವ ಸ್ಪೂಲ್ ಮತ್ತು ಡ್ರ್ಯಾಗ್ ಪ್ಲೇಟ್ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ನಡುವೆ ಕಾರ್ಬನ್ ವಾಷರ್ ಇರುತ್ತದೆ. ಮೀನು ಓಡುವಾಗ ಆ ಉಜ್ಜಾಟದ ಬಿಸಿಯೆಲ್ಲ ಅಲ್ಲೇ ಹುಟ್ಟುತ್ತದೆ. ಜಗ್ಗಿ ಜಗ್ಗಿ ಬಿಡುತ್ತಿದೆ ಅಂದರೆ ಒಂದೋ ಉಪ್ಪು ಸೇರಿದೆ, ಇಲ್ಲಾ ಬೇರಿಂಗ್‌ನಿಂದ ಎಣ್ಣೆ ಸೋರಿ ವಾಷರ್ ಮೇಲೆ ತೇಪೆ ತೇಪೆಯಾಗಿ ಕೂತಿದೆ. ಸ್ಪೂಲ್ ಹೊರಗೆ ತೆಗೆದು ವಾಷರನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಚೆನ್ನಾಗಿದ್ದರೆ ನೇಯ್ಗೆಯ ಎಳೆ ಎಲ್ಲಾ ಕಡೆ ಒಂದೇ ಥರ ಕಾಣುತ್ತದೆ. ಎಲ್ಲೋ ಒಂದು ಕಡೆ ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಅಥವಾ ಬೆರಳಿಗೆ ಅಂಟಂಟಾದರೆ, ತೊಂದರೆ ಸಿಕ್ಕಿತು ಅಂತಲೇ. ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಲೋಹದ ಪ್ಲೇಟನ್ನು ಒರೆಸಿ. ಬಟ್ಟೆಗೆ ಕಪ್ಪು ಬರುವುದು ನಿಲ್ಲುವ ತನಕ ಒರೆಸಬೇಕು. ವಾಷರ್ ಹೊಳಪಾಗಿದ್ದರೆ, ತೆಳ್ಳಗಾಗಿದ್ದರೆ ಹೊಸದು ಹಾಕಿ. ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಇನ್ನು ಹ್ಯಾಂಡಲ್ ಹಿಂದೆ ಜಾರುವುದು. ಇದು ಮೂರರಲ್ಲಿ ಅಪಾಯದ್ದು. ದೊಡ್ಡ ಮೀನು ಕಚ್ಚಿದಾಗ ಹ್ಯಾಂಡಲ್ ಹಿಂದಕ್ಕೆ ತಿರುಗಿದರೆ ಬೆರಳಿನ ಗಂಟು ಮುರಿಯುತ್ತದೆ. ಹಿಂದೆ ತಿರುಗದಂತೆ ತಡೆಯುವುದು ರಾಚೆಟ್ ಎಂಬ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುವ ಪುಟ್ಟ ಲೋಹದ ತುಂಡುಗಳಾದ ಡಾಗ್‌ಗಳು. ಒಂದೋ ಎರಡೋ ಇರುತ್ತವೆ, ಹಿಂದೆ ಸಣ್ಣ ಸ್ಪ್ರಿಂಗ್ ಇರುತ್ತದೆ. ಹಳೇ ಗ್ರೀಸ್ ಗಟ್ಟಿಯಾಗಿ ಡಾಗ್ ಅಲ್ಲೇ ಅಂಟಿಕೊಂಡರೆ ಹಲ್ಲಿಗೆ ಸಿಗುವುದೇ ಇಲ್ಲ. ಕೆಲವು ರೀಲ್‌ಗಳಲ್ಲಿ ಡಾಗ್ ಜೊತೆಗೆ ಒನ್‌ವೇ ರೋಲರ್ ಬೇರಿಂಗ್ ಕೂಡ ಇರುತ್ತದೆ. ಅದರೊಳಗೆ ದಪ್ಪ ಗ್ರೀಸ್ ಹೋದರೆ ರೋಲರ್‌ಗಳು ಕಚ್ಚುವುದಿಲ್ಲ, ಜಾರುತ್ತವೆ. ಪೂರ್ತಿ ತೊಳೆದು, ಒಣಗಿಸಿ, ತೆಳು ಎಣ್ಣೆ ಸವರಿದಂತೆ ಹಾಕಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಡಾಗ್‌ಗೂ ಅಷ್ಟೇ, ಗುಡ್ಡೆ ಗ್ರೀಸ್ ಬೇಡ.

ನಿಮ್ಮ ಮರೈನ್ ಗ್ರೀಸ್ ಬೇಕಾಗುವುದು ಗೇರ್‌ಗಳಿಗೆ, ಪ್ರತಿ ಸ್ಕ್ರೂವಿನ ಮರೆಗೆ (ಸುರುಳಿ ಗೆರೆಗಳಿಗೆ), ಪ್ಲೇಟು ಮತ್ತು ಫ್ರೇಮ್ ಸೇರುವ ಅಂಚಿಗೆ, ರೀಲನ್ನು ರಾಡ್‌ಗೆ ಬಿಗಿಯುವ ಪಾದದ ಕ್ಲ್ಯಾಂಪ್ ಅಡಿಗೆ. ಆ ಕ್ಲ್ಯಾಂಪ್ ಅಡಿಯನ್ನು ಯಾರೂ ನೋಡುವುದಿಲ್ಲ. ಬಿಚ್ಚಿ ನೋಡಿ, ಉಪ್ಪು ಪದರ ಪದರವಾಗಿ ಕೂತಿರುತ್ತದೆ.

ಸ್ಕ್ರೂ ಬಗ್ಗೆ ಇನ್ನೊಬ್ಬರು

ಆ ಬಿಳಿ ಪುಡಿ ಅಲ್ಯೂಮಿನಿಯಂ ತಿಂದುಹೋಗಿ ಆದದ್ದು. ಸ್ಟೇನ್‌ಲೆಸ್ ಸ್ಕ್ರೂ, ಅಲ್ಯೂಮಿನಿಯಂ ಫ್ರೇಮ್, ನಡುವೆ ಉಪ್ಪುನೀರು. ಎರಡು ಬೇರೆ ಲೋಹಗಳ ನಡುವೆ ಬ್ಯಾಟರಿಯೊಳಗೆ ನಡೆಯುವ ಕೆಲಸವೇ ಶುರುವಾಗುತ್ತದೆ. ಸವೆಯುವುದು ಅಲ್ಯೂಮಿನಿಯಂ, ಸ್ಕ್ರೂ ಗಟ್ಟಿಯಾಗಿಯೇ ಉಳಿಯುತ್ತದೆ.

ಜೋರು ಮಾಡಬೇಡಿ. ತಲೆ ಸವೆದರೆ ಆಮೇಲೆ ಡ್ರಿಲ್ ಮಾಡುವುದೇ ಗತಿ. ಪುಡಿಯನ್ನು ಹಳೇ ಹಲ್ಲುಜ್ಜುವ ಬ್ರಶ್‌ನಿಂದ ಕೆರೆದು ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹುಡುಕಿ, ಇದೇ ಮುಖ್ಯ. ಅದರ ಹಿಡಿಯ ಮೇಲೆ ಮೆಲ್ಲಗೆ ಕುಟ್ಟಿ, ಮೊದಲು ಸ್ವಲ್ಪ ಬಿಗಿ ಮಾಡಲು ನೋಡಿ, ಆಮೇಲೆ ಸಡಿಲಿಸಿ. ಆಗಲೂ ಬರದಿದ್ದರೆ ಬಿಸಿಗಾಳಿ. ಅಲ್ಯೂಮಿನಿಯಂ ಬಿಸಿಗೆ ಸ್ಟೀಲ್‌ಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಬಿಡುತ್ತದೆ. ಆದರೆ ಎಣ್ಣೆ ಪೂರ್ತಿ ಒರೆಸಿದ ಮೇಲೆ, ದಾರ ಹತ್ತಿರ ಇಲ್ಲದಾಗ ಮಾತ್ರ. ನೈಲಾನ್ ದಾರಕ್ಕೆ ಬಿಸಿ ತಾಗಿದರೆ ಅದು ಹೋಯಿತು.

ಇನ್ನೊಂದು ವಿಷಯ. ಆ ಎಣ್ಣೆ ಒಳಗೆ ಇಳಿದು ಡ್ರ್ಯಾಗ್ ತನಕ ಹೋಗಬಹುದು. ಅದಕ್ಕೇ ಸ್ಪ್ರೇ ಹೊಡೆಯಬೇಡಿ, ಕಡ್ಡಿಯ ತುದಿಯಿಂದ ಮುಟ್ಟಿಸಿ.

ಬಿಚ್ಚುವ ಕ್ರಮದ ಬಗ್ಗೆ

ತಯಾರಕರ ಸೈಟಿನಲ್ಲಿ ನಿಮ್ಮ ಮಾಡೆಲ್‌ನ ಬಿಡಿಭಾಗಗಳ ಚಿತ್ರ ಇದೆಯಾ ನೋಡಿ. ಪೆನ್, ಶಿಮಾನೊ ಕಂಪನಿಗಳ ರೀಲ್‌ಗಳಾದರೆ ಸಾಮಾನ್ಯವಾಗಿ ಸಿಗುತ್ತದೆ. ಪ್ರತಿ ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆಯಿರಿ. ತೆಗೆದ ಕ್ರಮದಲ್ಲೇ ಬಿಳಿ ಬಟ್ಟೆ ಮೇಲೆ ಎಡದಿಂದ ಬಲಕ್ಕೆ ಜೋಡಿಸಿಕೊಂಡು ಹೋಗಿ.

ಎರಡು ಕಡೆ ಮೈಯೆಲ್ಲಾ ಕಣ್ಣಾಗಿರಬೇಕು. ಒಂದು, ಹ್ಯಾಂಡಲ್‌ನ ವೇಗ ಬದಲಿಸುವ ಬಟನ್. ಅದರಡಿ ಸ್ಪ್ರಿಂಗ್ ಇದೆ, ಬಿಚ್ಚಿದ ಕೂಡಲೇ ಹಾರುತ್ತದೆ. ಕೈಯನ್ನೂ ರೀಲನ್ನೂ ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಹಾಕಿಕೊಂಡು ಬಿಚ್ಚಿ, ಹಾರಿದರೂ ಚೀಲದಲ್ಲೇ ಇರುತ್ತದೆ. ಇನ್ನೊಂದು, ಶಾಫ್ಟ್ ಮೇಲಿನ ಬೆಲ್‌ವಿಲ್ ವಾಷರ್‌ಗಳು. ತಟ್ಟೆಯಂತೆ ಸ್ವಲ್ಪ ಬಗ್ಗಿರುತ್ತವೆ. ಯಾವುದು ಯಾವ ಕಡೆ ಮುಖ ಮಾಡಿದೆ ಅನ್ನುವುದರ ಮೇಲೆ ಲಿವರ್ ಎಷ್ಟು ದೂರ ಸರಿದರೆ ಎಷ್ಟು ಬಿಗಿ ಅನ್ನುವುದು ನಿಂತಿದೆ. ಎದುರುಬದುರು ಇದ್ದದ್ದನ್ನು ಒಂದರ ಮೇಲೊಂದು ಕೂರಿಸಿದರೆ ಡ್ರ್ಯಾಗ್ ಮೆಲ್ಲಗೆ ಏರುವ ಬದಲು ದಿಢೀರನೆ ಬಿಗಿಯಾಗುತ್ತದೆ. ಒಂದೇ ತಂತಿಗೆ ಅದೇ ಕ್ರಮದಲ್ಲಿ ಪೋಣಿಸಿಟ್ಟರೆ ಗೊಂದಲವೇ ಇಲ್ಲ.

ಕೇಳಿದವರು

ತುಂಬಾ ಉಪಕಾರ ಆಯಿತು. ಸ್ಕ್ರೂ ಬಂತು! ಡಾಗ್ ಒಂದು ಕಂದು ಅಂಟಿನಲ್ಲಿ ಹೂತುಹೋಗಿತ್ತು. ಈಗ ಎರಡು ಪ್ರಶ್ನೆ. ಕಾರ್ಬನ್ ವಾಷರ್‌ಗೆ ಡ್ರ್ಯಾಗ್ ಗ್ರೀಸ್ ಹಾಕಬೇಕು ಅಂತ ಕೆಲವರು, ಒಣಗೇ ಇರಲಿ ಅಂತ ಕೆಲವರು. ಯಾವುದು ಸರಿ? ಮತ್ತೆ ಸ್ಪೂಲ್ ಬೇರಿಂಗ್ ತಿರುಗಿಸಿದರೆ ಮರಳು ಇದ್ದ ಹಾಗೆ ಅನ್ನಿಸುತ್ತದೆ.

ಉತ್ತರ

ಎರಡೂ ಸರಿ, ರೀಲ್ ಯಾವುದು ಅನ್ನುವುದರ ಮೇಲೆ. ಕಾರ್ಖಾನೆಯಿಂದ ಒಣಗೇ ಬಂದದ್ದಾದರೆ ಒಣಗೇ ಇಡುವುದು ನನ್ನ ಪದ್ಧತಿ. ಗ್ರೀಸ್ ಇರುವ ಡ್ರ್ಯಾಗ್ ಆದರೆ ಡ್ರ್ಯಾಗ್‌ಗೆಂದೇ ಮಾಡಿದ ಗ್ರೀಸ್ ಹಾಕಿ. ಕ್ಯಾಲ್ಸ್ ಅನ್ನುವ ಬ್ರ್ಯಾಂಡ್ ಅಂಥದ್ದು, ಬಹಳ ಜನ ಬಳಸುತ್ತಾರೆ. ಬೆರಳಿನಿಂದ ವಾಷರ್‌ನ ನೇಯ್ಗೆಯೊಳಗೆ ಉಜ್ಜಿ, ಮೇಲೆ ಉಳಿದದ್ದನ್ನು ಪೂರ್ತಿ ಒರೆಸಿ. ನೋಡಿದರೆ ಒದ್ದೆ ಕಾಣಬೇಕು, ಗ್ರೀಸ್ ಕಾಣಬಾರದು. ಗೇರ್‌ಗೆ ಹಾಕುವ ಮರೈನ್ ಗ್ರೀಸ್ ಇಲ್ಲಿ ಬೇಡವೇ ಬೇಡ, ಬಿಸಿಗೆ ಅದರ ಗುಣವೇ ಬದಲಾಗುತ್ತದೆ. ಒಮ್ಮೆ ಗ್ರೀಸ್ ಹೀರಿದ ವಾಷರನ್ನು ಮತ್ತೆ ಒಣಗಿಸಿ ಬಳಸಲು ನೋಡಬೇಡಿ, ಹೊಸದೇ ಹಾಕಿ.

ಬೇರಿಂಗ್ ವಿಷಯಕ್ಕೆ, ಪಕ್ಕದ ತಗಡಿನ ಮುಚ್ಚಳ ತಂತಿ ಬಳೆಯಿಂದ ನಿಂತಿದ್ದರೆ ಸೂಜಿಯಿಂದ ಬಳೆ ಎಬ್ಬಿಸಿ ತೆಗೆಯಬಹುದು. ಸಾಲ್ವೆಂಟ್‌ನಲ್ಲಿ ಅದ್ದಿ ಅಲುಗಾಡಿಸಿ, ಒಣಗಿಸಿ, ಬೆರಳಿಗೆ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಿ ನೋಡಿ. ಆಗಲೂ ಕರಕರ ಅಂದರೆ ಗುಂಡುಗಳಿಗೆ ಅಥವಾ ಅವು ಓಡುವ ಹಾದಿಗೆ ತುಕ್ಕು ಹಿಡಿದು ಗುಳಿ ಬಿದ್ದಿದೆ. ತೊಳೆದರೆ ಹೋಗುವಂಥದ್ದಲ್ಲ, ಬದಲಿಸಿ. ದೋಣಿ ಹಿಂದೆ ಗಾಳ ಎಳೆಯುವ ಟ್ರೋಲಿಂಗ್ ರೀಲ್ ಆದರೆ ಬೇರಿಂಗ್ ತುಂಬ ಗ್ರೀಸ್ ತುಂಬಿ, ಉಪ್ಪುನೀರಿಗೆ ಒಳಗೆ ಜಾಗವೇ ಇರಬಾರದು. ಗಾಳ ಎಸೆಯುವ ರೀಲ್ ಆಗಿದ್ದರೆ ಮಾತ್ರ ತೆಳು ಎಣ್ಣೆ, ಸ್ಪೂಲ್ ಸಲೀಸಾಗಿ ಓಡಬೇಕಲ್ವಾ. ತುಂಬಿದ ಮೇಲೆ ಡ್ರ್ಯಾಗ್ ಕಡೆಗಿನ ಮುಖವನ್ನು ಚೊಕ್ಕಟ ಒರೆಸಿ.

ಜೋಡಿಸಿದ ಮೇಲೆ ಮಾಡಬೇಕಾದ್ದು

ಪ್ರೀಸೆಟ್ ನಾಬ್ (ಡ್ರ್ಯಾಗ್ ಎಷ್ಟು ಬಿಗಿ ಅಂತ ಮೊದಲೇ ನಿಗದಿ ಮಾಡುವ ಗುಂಡಿ) ತಿರುಗಿಸುವಾಗ ಲಿವರ್ ಯಾವಾಗಲೂ ಫ್ರೀಯಲ್ಲಿ, ಅಂದರೆ ಪೂರ್ತಿ ಹಿಂದೆ ಇರಲಿ. ಸ್ಟ್ರೈಕ್‌ನಲ್ಲಿ, ಅಂದರೆ ಮೀನು ಕಚ್ಚುವಾಗಿನ ಬಿಗಿಯ ಗುರುತಿನಲ್ಲಿ ಇಟ್ಟು ತಿರುಗಿಸಿದರೆ ಒಳಗಿನ ಭಾಗಗಳ ಮೇಲೆ ಸುಮ್ನೆ ಒತ್ತಡ.

ಡ್ರ್ಯಾಗನ್ನು ಕೈ ಅಂದಾಜಿನಲ್ಲಿ ಇಡಬೇಡಿ, ಸ್ಪ್ರಿಂಗ್ ತಕ್ಕಡಿ ಬಳಸಿ. ನೈಲಾನ್ ದಾರಕ್ಕೆ ವಾಡಿಕೆಯ ಲೆಕ್ಕ ಅಂದರೆ ಸ್ಟ್ರೈಕ್‌ನಲ್ಲಿ ದಾರದ ಶಕ್ತಿಯ ಮೂರನೇ ಒಂದು ಭಾಗದ ಆಸುಪಾಸು, ಅದಕ್ಕಿಂತ ಮೇಲೆ ಬೇಡ. 50 ಪೌಂಡ್ ದಾರಕ್ಕೆ ಸುಮಾರು 16 ಪೌಂಡ್, ಅಂದರೆ 7 ಕಿಲೊಗೆ ಸ್ವಲ್ಪ ಮೇಲೆ. ದಾರವನ್ನು ರಾಡ್‌ನ ಬಳೆಗಳ ಮೂಲಕ ಹಾಯಿಸಿಯೇ ಅಳೆಯಿರಿ, ಬಳೆಗಳ ಉಜ್ಜಾಟವೂ ಲೆಕ್ಕಕ್ಕೆ ಬರಬೇಕು. ತಕ್ಕಡಿಯ ಮುಳ್ಳು ಒಂದೇ ಜಾಗದಲ್ಲಿ ನಿಂತರೆ ಡ್ರ್ಯಾಗ್ ಸರಿಯಾಗಿದೆ. ಮೇಲೆ ಕೆಳಗೆ ಕುಣಿದರೆ ಮತ್ತೆ ಬಿಚ್ಚಬೇಕು.

ಇನ್ನೊಂದು ಮಾತು ನೆನಪಿರಲಿ. ದಾರ ಓಡಿ ಸ್ಪೂಲ್ ಮೇಲಿನ ಸುತ್ತಿನ ವ್ಯಾಸ ಅರ್ಧಕ್ಕೆ ಇಳಿದರೆ, ಲಿವರ್ ಅಲ್ಲೇ ಇದ್ದರೂ ದಾರದ ಮೇಲಿನ ಬಿಗಿ ಎರಡರಷ್ಟಾಗುತ್ತದೆ. ಮೀನು ದೂರ ಓಡಿದಾಗ ಲಿವರ್ ಹಿಂದಕ್ಕೆ ತರಬೇಕಾದ್ದು ಇದಕ್ಕೇ.

ತೊಳೆಯುವ ಬಗ್ಗೆ

ದೋಣಿಯಿಂದ ಬಂದ ಕೂಡಲೇ ಪೈಪಿನಲ್ಲಿ ರಭಸವಾಗಿ ನೀರು ಬಿಡುವವರನ್ನು ನೋಡಿದ್ದೇನೆ. ನನಗೆ ಸರಿ ಕಾಣುವುದಿಲ್ಲ. ಆ ರಭಸ ಹೊರಗಿದ್ದ ಉಪ್ಪನ್ನು ಒಳಗೆ ತಳ್ಳುತ್ತದೆ. ಲಿವರ್ ಪೂರ್ತಿ ಮುಂದೆ ತಂದು ಡ್ರ್ಯಾಗ್ ಮುಚ್ಚಿ, ಸಿಹಿನೀರನ್ನು ತುಂತುರಾಗಿ ಬಿಡಿ, ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ಒಣಗಿದ ಮೇಲೆ ಲಿವರ್ ಫ್ರೀಗೆ ತನ್ನಿ. ಬಿಗಿಯಲ್ಲೇ ಇಟ್ಟರೆ ವಾಷರ್ ಒತ್ತಿಕೊಂಡೇ ಉಳಿಯುತ್ತದೆ, ಬೆಲ್‌ವಿಲ್ ವಾಷರ್‌ಗಳೂ ದಣಿಯುತ್ತವೆ.

ದಾರದ ಬಗ್ಗೆ ಯಾರೂ ಹೇಳಲಿಲ್ಲ

ಹಳೇ ದಾರವನ್ನು ಪೂರ್ತಿ ಬಿಚ್ಚಿದಿರಾ? ಮೇಲೆ ತೊಳೆದರೂ ತಳದ ಸುತ್ತುಗಳಲ್ಲಿ ಉಪ್ಪುನೀರು ನಿಂತಿರುತ್ತದೆ. ಸ್ಪೂಲ್‌ನ ನಡುಭಾಗ ಅಲ್ಲಿಂದಲೇ ಗುಳ್ಳೆ ಏಳಲು ಶುರುವಾಗುತ್ತದೆ. ಸ್ಪೂಲ್ ಬರಿದು ಮಾಡಿ, ತೊಳೆದು, ಅಲ್ಯೂಮಿನಿಯಂ ಮೇಲಿನ ರಕ್ಷಣೆಯ ಪದರ, ಆನೋಡೈಸ್ ಬಣ್ಣ, ಎಲ್ಲಾದರೂ ಎದ್ದಿದೆಯಾ ನೋಡಿ. ಹೊಸ ದಾರ ಸುತ್ತುವಾಗ ಒಬ್ಬರು ಕೈಗವಸು ಹಾಕಿ ದಾರವನ್ನು ಬಿಗಿ ಹಿಡಿಯಲಿ. ಸಡಿಲ ಸುತ್ತಿದರೆ ಮೀನು ಎಳೆದಾಗ ಮೇಲಿನ ದಾರ ಕೆಳಗಿನ ಸುತ್ತುಗಳ ನಡುವೆ ಹೂತು ಸಿಕ್ಕಿಕೊಳ್ಳುತ್ತದೆ. ಬ್ರೇಡ್ (ಹೆಣೆದ ದಾರ) ಸುತ್ತುವುದಾದರೆ ತಳಕ್ಕೆ ಮೊದಲು ಸ್ವಲ್ಪ ನೈಲಾನ್ ಹಾಕಿ, ಇಲ್ಲದಿದ್ದರೆ ಇಡೀ ಬ್ರೇಡ್ ಸ್ಪೂಲ್ ಮೇಲೆ ಜಾರುತ್ತಾ ತಿರುಗುತ್ತದೆ, ನೀವು ಡ್ರ್ಯಾಗ್ ಕೆಟ್ಟಿದೆ ಅಂದುಕೊಂಡು ಮತ್ತೆ ಬಿಚ್ಚುತ್ತೀರಿ.