ಇಶ್‌ಚೆಲ್ ಅಂದರೆ ಚಂದ್ರನಾ?

ಪ್ರಶ್ನೆ: ನಮಸ್ಕಾರ ಮೇಡಂ. ಆಫೀಸಿನಲ್ಲಿ ನನ್ನ ಪಕ್ಕ ಕೂರುವವರು ಮೆಕ್ಸಿಕೋದ ಮೆರಿಡಾ ಊರಿನವರು. ಮಗಳಿಗೆ ‘ಇಶ್‌ಚೆಲ್’ ಅಂತ ಹೆಸರಿಟ್ಟಿದ್ದಾರೆ. ನೆಟ್‌ನಲ್ಲಿ ನೋಡಿದರೆ ‘ಮಾಯಾ ಜನರ ಚಂದ್ರದೇವತೆ’ ಅಂತ ಬಂತು. ಬೆಳ್ಳಿ ಬಟ್ಟಲಿನ ಮೇಲೆ ಚಂದ್ರ ಕೆತ್ತಿಸಲು ಕೊಟ್ಟಿದ್ದೇನೆ. ಸರಿ ಅಲ್ವಾ?

ಉತ್ತರ: ಅಂಗಡಿಗೆ ಒಂದು ಫೋನ್ ಮಾಡಿ, ಸ್ವಲ್ಪ ತಡೆಯಲು ಹೇಳಿ!

ಮಾಯಾ ಜನರೆಂದರೆ ಮೆಕ್ಸಿಕೋ ಮತ್ತು ಅದರ ನೆರೆಹೊರೆಯ ಮೂಲನಿವಾಸಿಗಳು. ಅವರ ಮಾತು ಒಂದೇ ಭಾಷೆಯಲ್ಲ, ಸುಮಾರು 30 ಭಾಷೆಗಳ ಕುಟುಂಬ. ಈ ಹೆಸರು ಯುಕಾಟೆಕ್ ಮಾಯಾದ್ದು. ಮೆರಿಡಾ ಸುತ್ತಮುತ್ತ ಇವತ್ತಿಗೂ ಜನ ಅದನ್ನು ಆಡುತ್ತಾರೆ. ಅದರಲ್ಲಿ ‘ಚೆಲ್’ ಅಂದರೆ ಕಾಮನಬಿಲ್ಲು. ‘ಇಶ್’ ಹೆಣ್ಣು ಅಂತ ತೋರಿಸುವ ಗುರುತು. ನಮ್ಮ ಹೂವಾಡಗಿತ್ತಿಯಲ್ಲಿ ‘ಗಿತ್ತಿ’ ಇದೆಯಲ್ಲ, ಹಾಗೆ. ನಾವು ಕೊನೆಗೆ ಸೇರಿಸುತ್ತೇವೆ, ಅವರು ಮೊದಲಿಗೆ.

ಗಿತ್ತಿ ಅಂದ ಮೇಲೆ ನೆನಪಾಯಿತು. ಈ ದೇವತೆ ಒಂಥರಾ ಸೂಲಗಿತ್ತಿಯೇ. 16ನೇ ಶತಮಾನದಲ್ಲಿ ಯುಕಾಟಾನ್‌ನಲ್ಲಿ (ಮೆರಿಡಾ ಇರುವ ಪ್ರದೇಶ) ಇದ್ದ ಸ್ಪೇನಿನ ಪಾದ್ರಿ ದಿಯೆಗೊ ದೆ ಲಾಂಡಾ ಬರೆದಿದ್ದಾನೆ: ಹೆರಿಗೆ ಸಮಯದಲ್ಲಿ ಬಸುರಿಯ ಹಾಸಿಗೆ ಕೆಳಗೆ ಇಶ್‌ಚೆಲ್ ಮೂರ್ತಿ ಇಡುತ್ತಿದ್ದರಂತೆ. 1562ರಲ್ಲಿ ಮಾನಿ ಊರಿನಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದವನೂ ಇವನೇ, ನೋಡಿ ವಿಚಿತ್ರ. ಇವತ್ತಿಗೆ ಉಳಿದಿರುವ ನಾಲ್ಕು ಹಳೆಯ ಮಾಯಾ ಪುಸ್ತಕಗಳಲ್ಲಿ ಒಂದು ಜರ್ಮನಿಯ ಡ್ರೆಸ್ಡೆನ್‌ನಲ್ಲಿದೆ. ಅದರಲ್ಲಿ ‘ಚಾಕ್ ಚೆಲ್’ ಅನ್ನುವ ಮುದುಕಿಯ ಚಿತ್ರವಿದೆ. ತಲೆ ಮೇಲೆ ಹಾವು ಸುತ್ತಿಕೊಂಡು, ಮಡಕೆ ಬೋರಲು ಹಾಕಿ ನೀರು ಸುರಿಯುತ್ತಿದ್ದಾಳೆ. ಅವಳೇ ಇಶ್‌ಚೆಲ್ ಅಂತ ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಚಂದ್ರದೇವತೆಯಾದರೋ ಚಿಕ್ಕ ವಯಸ್ಸಿನ ಹೆಣ್ಣು, ಬೇರೆಯವಳು. ಹಿಂದಿನ ವಿದ್ವಾಂಸರು ಇಬ್ಬರನ್ನೂ ಒಂದೇ ಮಾಡಿಬಿಟ್ಟರು. ನೆಟ್‌ನಲ್ಲಿ ಅದೇ ಸುತ್ತುತ್ತಿದೆ.

ಪ್ರಶ್ನೆ: ಮತ್ತೆ ಸ್ಪೆಲ್ಲಿಂಗ್‌ನಲ್ಲಿ (Ixchel) ಎಕ್ಸ್ ಯಾಕೆ? ನಾನು ಮೊದಲು ‘ಇಕ್ಸ್‌ಚೆಲ್’ ಅಂದು ನಗೆಪಾಟಲಾದೆ.

ಉತ್ತರ: ಆಗಿನ ಸ್ಪ್ಯಾನಿಷ್‌ನಲ್ಲಿ ಎಕ್ಸ್ ಅಂದರೆ ‘ಶ’ ಉಚ್ಚಾರ. ಮೆಕ್ಸಿಕೋವನ್ನೂ ಆಗ ‘ಮೆಶಿಕೊ’ ಅನ್ನುತ್ತಿದ್ದರು. ಆಮೇಲೆ ಸ್ಪ್ಯಾನಿಷ್ ಉಚ್ಚಾರ ಬದಲಾಯಿತು. ಮಾಯಾ ಬರೆಯುವ ಕ್ರಮದಲ್ಲಿ ಮಾತ್ರ ಹಳೆಯದೇ ಉಳಿಯಿತು.

ಪ್ರಶ್ನೆ: ಮೇಡಂ, ಅಂಗಡಿಗೆ ಫೋನ್ ಮಾಡಿದೆ. ಚಂದ್ರ ಆಗಲೇ ಕೆತ್ತಿ ಆಯಿತಂತೆ!

ಉತ್ತರ: ಪರವಾಗಿಲ್ಲ, ಬೇಜಾರು ಬೇಡ. ಮೆಕ್ಸಿಕೋದಲ್ಲೂ ಎಷ್ಟೋ ಜನ ಅವಳನ್ನು ಚಂದ್ರದೇವತೆ ಅಂತಲೇ ನಂಬುತ್ತಾರೆ. ಅಪ್ಪ ಅಮ್ಮ ಅದೇ ಮನಸ್ಸಿನಲ್ಲಿ ಹೆಸರಿಟ್ಟಿರಬಹುದು. ಬಟ್ಟಲಿನಲ್ಲಿ ಜಾಗ ಇದ್ದರೆ ಚಂದ್ರನ ಮೇಲೆ ಕಾಮನಬಿಲ್ಲಿನ ಹಾಗೆ ಎರಡು ಗೆರೆ ಎಳೆಸಿ.